ಫರ್ನ್ಲಿಯ ಗೋಡೆಯಲ್ಲಿ ಒಂದು ಖಾಲಿ ಜಾಗ

ಅಮೆರಿಕದ ನೆವಾಡಾ ರಾಜ್ಯದಲ್ಲಿ ಫರ್ನ್ಲಿ ಅಂತ ಒಂದು ಸಣ್ಣ ಊರಿದೆ. ರೀನೋ ನಗರದ ಪೂರ್ವಕ್ಕೆ, ಸುತ್ತ ಒಣ ನೆಲ. ಅಲ್ಲಿ ಮಾಜಿ ಸೈನಿಕರ ಒಂದು ಸ್ಮಶಾನವಿದೆ, ಅದರಲ್ಲಿ ಒಂದು ಗೋಡೆ. ಯುದ್ಧದಲ್ಲಿ ಸತ್ತ ಆ ಸೀಮೆಯವರ ಹೆಸರು ಕೆತ್ತಿದ ಹಿತ್ತಾಳೆ ಫಲಕಗಳನ್ನು ಅದರ ಮೇಲೆ ಸಾಲಾಗಿ ಕೂರಿಸಿದ್ದಾರೆ. 2006ರ ಬೇಸಿಗೆಯಲ್ಲಿ ಆ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು.

ಯಾರೋ ಮರೆತು ಬಿಟ್ಟದ್ದಲ್ಲ. ಅಲ್ಲಿ ಬರಬೇಕಾದ ಹೆಸರು ಎಲ್ಲರಿಗೂ ಗೊತ್ತಿತ್ತು. ಸಾರ್ಜೆಂಟ್ ಪ್ಯಾಟ್ರಿಕ್ ಸ್ಟೀವರ್ಟ್, ವಯಸ್ಸು 34, ನೆವಾಡಾ ನ್ಯಾಷನಲ್ ಗಾರ್ಡ್‌ನವನು. 2005ರ ಸೆಪ್ಟೆಂಬರ್ 25ರಂದು ಅಫ್ಘಾನಿಸ್ತಾನದಲ್ಲಿ ಅವನಿದ್ದ ಚಿನೂಕ್ ಹೆಲಿಕಾಪ್ಟರನ್ನು ರಾಕೆಟ್ ಹೊಡೆದು ಉರುಳಿಸಿದರು. ಒಳಗಿದ್ದ ಐದೂ ಜನ ಸತ್ತರು. ಹಿಂದೆ 1991ರ ಕೊಲ್ಲಿ ಯುದ್ಧದಲ್ಲೂ ಇದ್ದ ಮನುಷ್ಯ. ಸತ್ತ ಮೇಲೆ ಸರ್ಕಾರ ಅವನಿಗೆ ಬ್ರಾಂಜ್ ಸ್ಟಾರ್ ಪದಕ ಕೊಟ್ಟಿತು, ಪರ್ಪಲ್ ಹಾರ್ಟ್ ಪದಕ ಕೊಟ್ಟಿತು. ಫಲಕ ಮಾತ್ರ ಕೊಡಲಿಲ್ಲ.

ಅಮೆರಿಕದ ಸೈನಿಕರು ಕೊರಳಲ್ಲಿ ಒಂದು ಲೋಹದ ಬಿಲ್ಲೆ ಹಾಕಿಕೊಳ್ಳುತ್ತಾರಲ್ಲ, ಹೆಸರು, ರಕ್ತದ ಗುಂಪು, ಧರ್ಮ ಇರೋದು? ಪ್ಯಾಟ್ರಿಕ್‌ನ ಬಿಲ್ಲೆಯಲ್ಲಿ ಧರ್ಮದ ಜಾಗದಲ್ಲಿ 'ವಿಕ್ಕನ್' ಅಂತ ಇತ್ತು. ಅಲ್ಲಿಗೆ ಸೈನ್ಯಕ್ಕೆ ಅವನ ಧರ್ಮ ಗೊತ್ತಿತ್ತು ಅಂತಾಯಿತು. ಗೊತ್ತಿದ್ದೇ ಯುದ್ಧಕ್ಕೆ ಕಳಿಸಿತ್ತು. ಅವನ ಹೆಂಡತಿ ರಾಬರ್ಟಾ ಸ್ಟೀವರ್ಟ್ ಕೇಳಿದ್ದು ಇಷ್ಟೇ: ಕ್ರೈಸ್ತರ ಫಲಕದ ಮೇಲೆ ಶಿಲುಬೆ ಇದೆ, ಯಹೂದಿಗಳ ಫಲಕದ ಮೇಲೆ ಅವರ ನಕ್ಷತ್ರ ಇದೆ, ನನ್ನ ಗಂಡನ ಫಲಕದ ಮೇಲೆ ಅವನ ಧರ್ಮದ ಚಿಹ್ನೆ ಇರಲಿ. ಆ ಚಿಹ್ನೆಯ ಹೆಸರು ಪೆಂಟಕಲ್. ಒಂದು ವೃತ್ತ, ಅದರೊಳಗೆ ಐದು ಮೂಲೆಯ ನಕ್ಷತ್ರ.

ಕೇಂದ್ರ ಸರ್ಕಾರದ ಮಾಜಿ ಸೈನಿಕರ ಇಲಾಖೆ ಒಂದು ಪಟ್ಟಿ ಇಟ್ಟುಕೊಂಡಿದೆ. ಸೈನಿಕರ ಸಮಾಧಿ ಕಲ್ಲಿನ ಮೇಲೆ, ಸ್ಮಾರಕ ಫಲಕದ ಮೇಲೆ ಯಾವ ಯಾವ ಧರ್ಮಚಿಹ್ನೆ ಕೆತ್ತಬಹುದು ಅನ್ನುವ ಪಟ್ಟಿ. ಆ ಹೊತ್ತಿಗೆ ಅದರಲ್ಲಿ ಮೂವತ್ತಕ್ಕೂ ಹೆಚ್ಚು ಚಿಹ್ನೆಗಳಿದ್ದವು. ಕ್ರೈಸ್ತರಲ್ಲೇ ಹತ್ತಾರು ಬಗೆಯ ಶಿಲುಬೆ. ಬೌದ್ಧ, ಹಿಂದೂ, ಮುಸ್ಲಿಂ, ಬಹಾಯಿ, ಸಿಖ್. ಜಪಾನಿನ ತೆನ್ರಿಕ್ಯೋ, ಕೊನ್ಕೋಕ್ಯೋ ಕೂಡ. ನಾಸ್ತಿಕರಿಗೆ ಪರಮಾಣುವಿನ ಚಿತ್ರ ಇತ್ತು. ದೇವರೇ ಇಲ್ಲ ಅನ್ನುವವರಿಗೂ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು ನೋಡಿ. ಪೆಂಟಕಲ್ ಇರಲಿಲ್ಲ.

ಬೇಡ ಅಂತಲೂ ಯಾರೂ ಹೇಳಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಅದೇ. ವಿಕ್ಕನ್ನರ ಮೊದಲ ಅರ್ಜಿ ಹೋಗಿದ್ದು 1990ರ ದಶಕದ ಕೊನೆಯಲ್ಲಿ. ಅಲ್ಲಿಂದ ಸುಮಾರು ಹತ್ತು ವರ್ಷ ಅದು ಇಲಾಖೆಯ ಮೇಜಿಂದ ಮೇಜಿಗೆ ಓಡಾಡಿತು. ಕೇಳಿದಾಗಲೆಲ್ಲ ಒಂದೇ ಉತ್ತರ: ಪರಿಶೀಲನೆಯಲ್ಲಿದೆ. ತಾಲ್ಲೂಕು ಕಚೇರಿಗೆ ಒಂದೆರಡು ಸಲ ಅಲೆದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ತಿರಸ್ಕರಿಸಿದರೆ ಕಾರಣ ಕೊಡಬೇಕು, ಮೇಲ್ಮನವಿ ಹೋಗಬಹುದು. ಪರಿಶೀಲನೆಯಲ್ಲಿದ್ದರೆ ಏನೂ ಮಾಡೋಕಾಗಲ್ಲ.

ಇಷ್ಟಕ್ಕೂ ಈ ವಿಕ್ಕಾ ಏನು?

ಹಳೇ ಧರ್ಮವಲ್ಲ. ಹಳೆಯದು ಅಂತ ಅದರ ಮೊದಲ ತಲೆಮಾರಿನವರು ಹೇಳಿಕೊಂಡರು, ಈಗಲೂ ಕೆಲವರು ಹೇಳುತ್ತಾರೆ. ಇತಿಹಾಸಕಾರರು ಒಪ್ಪುವುದಿಲ್ಲ. ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್ ಅನ್ನುವವನು ಯೌವನದಲ್ಲಿ ಸಿಲೋನಿನ ತೋಟಗಳಲ್ಲಿ ದುಡಿದು, ಆಮೇಲೆ ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದ. ನಿವೃತ್ತನಾಗಿ ಊರಿಗೆ ಮರಳಿದ. 1951ರಲ್ಲಿ ಬ್ರಿಟನ್ ತನ್ನ 1735ರ ಮಾಟ ತಡೆ ಕಾಯ್ದೆಯನ್ನು ತೆಗೆದುಹಾಕಿತು. ಅದಾಗಿ ಮೂರು ವರ್ಷಕ್ಕೆ, 1954ರಲ್ಲಿ, ಗಾರ್ಡ್ನರ್ ಈ ಪಂಥದ ಬಗ್ಗೆ ಒಂದು ಪುಸ್ತಕ ಬರೆದ. ಇವತ್ತಿನ ವಿಕ್ಕಾ ಶುರುವಾಗಿದ್ದು ಹೆಚ್ಚುಕಡಿಮೆ ಅಲ್ಲಿಂದ. ಹತ್ತು ವರ್ಷದೊಳಗೆ ಅಮೆರಿಕಕ್ಕೆ ದಾಟಿತು.

ಅವರಿಗೆ ಒಬ್ಬ ದೇವಿ, ಒಬ್ಬ ದೇವ. ಹುಣ್ಣಿಮೆಗೆ ಸೇರುತ್ತಾರೆ. ವರ್ಷಕ್ಕೆ ಎಂಟು ಹಬ್ಬ. ಸೂರ್ಯ ಉತ್ತರಕ್ಕೆ, ದಕ್ಷಿಣಕ್ಕೆ ತಿರುಗುವ ಎರಡು ದಿನ, ಹಗಲು ರಾತ್ರಿ ಸಮವಾಗುವ ಎರಡು ದಿನ, ಅವುಗಳ ನಡುವೆ ಇನ್ನು ನಾಲ್ಕು. ಅಕ್ಟೋಬರ್ 31ರ ಸಾವಿನ್ ಹಬ್ಬ ಸತ್ತವರನ್ನು ನೆನೆಯುವ ದಿನ. ಯಾರಿಗೂ ಕೇಡಾಗದಿದ್ದರೆ ನಿನಗೆ ಸರಿ ಕಂಡದ್ದನ್ನು ಮಾಡು ಅನ್ನುವುದು ಅವರು ಹೆಚ್ಚಾಗಿ ಹೇಳುವ ನಿಯಮ. ಸೈತಾನ ಅವರ ಲೋಕದಲ್ಲೇ ಇಲ್ಲ. ಸೈತಾನ ಕ್ರೈಸ್ತ ಕಥೆಯ ಪಾತ್ರ, ಆ ಕಥೆಯನ್ನೇ ನಂಬದವರು ಅವನನ್ನು ಪೂಜಿಸುವುದು ಎಲ್ಲಿಂದ? ಪೋಪ್ ಇಲ್ಲ, ಬೈಬಲ್ ಇಲ್ಲ, ಕೇಂದ್ರ ಕಚೇರಿಯೂ ಇಲ್ಲ. ಸಣ್ಣ ಸಣ್ಣ ಗುಂಪುಗಳಿವೆ. ಒಬ್ಬರೇ ಮನೆಯಲ್ಲಿ ಆಚರಿಸುವವರು ಬೇಕಾದಷ್ಟು ಜನ. ಕೇಂದ್ರ ಕಚೇರಿ ಇಲ್ಲ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಂತ್ರ ತಂತ್ರ ಇದೆಯಾ? ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಮೇಣದಬತ್ತಿ ಹಚ್ಚಿ, ವೃತ್ತ ಬರೆದು, ಗಿಡಮೂಲಿಕೆ ಇಟ್ಟು, ಕೆಲಸ ಸಿಗಲಿ, ಕಾಯಿಲೆ ವಾಸಿಯಾಗಲಿ ಅಂತ ಬೇಡಿಕೊಳ್ಳುತ್ತಾರೆ. ಇದನ್ನು ಕೇಳಿ ಹುಬ್ಬೇರಿಸುವ ಮೊದಲು ನಮ್ಮ ಮನೆಗಳಲ್ಲಿ ದೃಷ್ಟಿ ತೆಗೆಯುವುದನ್ನು ನೆನಪಿಸಿಕೊಳ್ಳಿ. ಕೂಸಿನ ತಲೆಯ ಸುತ್ತ ಉಪ್ಪು, ಒಣಮೆಣಸಿನಕಾಯಿ ಮೂರು ಸುತ್ತು ಇಳಿಸಿ ಒಲೆಗೆ ಹಾಕುತ್ತಾರೆ. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ ಅಂದರೆ ಅಜ್ಜಿ 'ನೋಡು, ಎಷ್ಟು ದೃಷ್ಟಿಯಾಗಿತ್ತು' ಅನ್ನುತ್ತಾಳೆ. ಆ ಅಜ್ಜಿಯನ್ನು ಯಾರಾದರೂ ಮಾಟಗಾತಿ ಅಂದಾರೆಯೇ?

ಇನ್ನು ಆ ನಕ್ಷತ್ರ. ಅದರ ನಾಲ್ಕು ಮೂಲೆ ಮಣ್ಣು, ನೀರು, ಗಾಳಿ, ಬೆಂಕಿ. ಮೇಲೆ ನೋಡುವ ಐದನೆಯ ಮೂಲೆ ಆತ್ಮ. ಸುತ್ತಲಿನ ವೃತ್ತ ಇವೆಲ್ಲವನ್ನೂ ಒಂದಾಗಿ ಹಿಡಿಯುತ್ತದೆ. ಕನ್ನಡದವರಿಗೆ ಕೂಡಲೇ ಪಂಚಭೂತ ನೆನಪಾಗುತ್ತದೆ, ಅಲ್ವಾ? ಐದನೆಯದರ ಜಾಗದಲ್ಲಿ ನಮಗೆ ಆಕಾಶ, ಅವರಿಗೆ ಆತ್ಮ. ಆದರೆ 'ಓ, ಇದೆಲ್ಲ ನಮ್ಮದೇ' ಅಂತ ಹೊರಟರೆ ಅದೂ ಇನ್ನೊಂದು ತಪ್ಪು ತಿಳಿವಳಿಕೆ. ಅವರ ನಾಲ್ಕು ಧಾತುಗಳು ಗ್ರೀಕರಿಂದ ಬಂದವು, ಉಡುಪಿಯಿಂದ ಹೋದವಲ್ಲ.

ಈ ನಕ್ಷತ್ರವನ್ನು ಕಂಡು ಜನ ಬೆಚ್ಚುವುದು ಯಾಕೆ? ಅದನ್ನು ತಲೆಕೆಳಗು ಮಾಡಿ, ನಡುವೆ ಹೋತದ ತಲೆ ಇಟ್ಟ ಇನ್ನೊಂದು ಚಿಹ್ನೆ ಇದೆ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ 'ಚರ್ಚ್ ಆಫ್ ಸೇಟನ್' ಅನ್ನುವ ಸಂಸ್ಥೆಯ ಗುರುತು ಅದು. ಅವರಿಗೂ ವಿಕ್ಕನ್ನರಿಗೂ ಸಂಬಂಧವಿಲ್ಲ. ಆದರೆ ದೆವ್ವದ ಸಿನಿಮಾಗಳು ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಬಿಟ್ಟವು. 1980ರ ದಶಕದಲ್ಲಿ ಅಮೆರಿಕದಲ್ಲಿ ಸೈತಾನ ಪೂಜೆಯ ಒಂದು ದೊಡ್ಡ ಗುಲ್ಲೆದ್ದಿತ್ತು. ಶಿಶುವಿಹಾರಗಳಲ್ಲಿ ಮಕ್ಕಳನ್ನು ಸೈತಾನನ ಪೂಜೆಗೆ ಬಳಸುತ್ತಿದ್ದಾರೆ ಅನ್ನುವ ಆರೋಪ, ವರ್ಷಗಟ್ಟಲೆ ಕೋರ್ಟು ಕಚೇರಿ. ಕ್ಯಾಲಿಫೋರ್ನಿಯಾದ ಒಂದು ಶಿಶುವಿಹಾರದ ಪ್ರಕರಣ 1983ರಿಂದ 1990ರವರೆಗೆ ಎಳೆಯಿತು, ಕೊನೆಗೆ ಒಬ್ಬರ ಮೇಲೂ ಅಪರಾಧ ಸಾಬೀತಾಗಲಿಲ್ಲ. ಆ ಹೊಗೆ ಜನರ ಮನಸ್ಸಿನಲ್ಲಿ ಹಾಗೇ ಉಳಿಯಿತು. ಅದೇ ಗಾಳಿಯಲ್ಲಿ, 1985ರಲ್ಲಿ, ಜೆಸ್ಸಿ ಹೆಲ್ಮ್ಸ್ ಅನ್ನುವ ಸೆನೆಟರ್ ಮಾಟದ ಗುಂಪುಗಳಿಗೆ ತೆರಿಗೆ ವಿನಾಯಿತಿ ಕೊಡಬಾರದು ಅಂತ ತಿದ್ದುಪಡಿ ತಂದ. ಸೆನೆಟ್ ಅದನ್ನು ಒಪ್ಪಿಯೂ ಬಿಟ್ಟಿತು. ಮುಂದಿನ ಹಂತದಲ್ಲಿ ಅದು ಬಿದ್ದುಹೋಯಿತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಈ ಬರಹ ಬರೆಯುತ್ತಾ ನನಗೇ ತೊಡಕಾದ ವಿಷಯ ಇದು.

'ವಿಚ್' ಅನ್ನುವ ಪದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ಮಾಟಗಾತಿ. ಬೇರೆ ಪದ ಸಿಗುವುದಿಲ್ಲ. ಆ ಪದ ಬಾಯಿಗೆ ಬಂದ ಕೂಡಲೇ ಕಣ್ಣ ಮುಂದೆ ಬರುವುದು ಅಮಾವಾಸ್ಯೆ, ಕುಯ್ದ ನಿಂಬೆಹಣ್ಣು, ಸೂಜಿ ಚುಚ್ಚಿದ ಗೊಂಬೆ. ಕಲಬುರಗಿ, ಬೀದರ್ ಕಡೆಯವರಿಗೆ ಬಾನಾಮತಿ. ನಮ್ಮ ದೇಶದಲ್ಲಿ ಈ ಪದ ಬರೀ ಕಥೆಯಲ್ಲಿ ಉಳಿದಿಲ್ಲ. ಜಾರ್ಖಂಡ್, ಅಸ್ಸಾಂಗಳಲ್ಲಿ ಇದೇ ಪದ ಹೊರಿಸಿ ಹೆಂಗಸರನ್ನು ಹೊಡೆದು ಕೊಂದಿದ್ದಾರೆ. ಹೆಂಗಸರನ್ನು ಡಾಯನ್, ಅಂದರೆ ಮಾಟಗಾತಿ, ಅನ್ನುವ ಪಿಡುಗಿಗೆಂದೇ ಜಾರ್ಖಂಡ್ 2001ರಲ್ಲಿ ಕಾನೂನು ತಂದಿತು. ಕರ್ನಾಟಕ 2017ರಲ್ಲಿ ವಾಮಾಚಾರ, ಅಮಾನವೀಯ ಆಚರಣೆಗಳ ವಿರುದ್ಧ ಕಾನೂನು ಮಾಡಿತು. ಆ ಹೆಂಗಸರು ಯಾರೂ ತಾವಾಗಿ ಆ ಹೆಸರು ಇಟ್ಟುಕೊಂಡವರಲ್ಲ. ಬೇರೆಯವರು ಅಂಟಿಸಿದ್ದು. ವಿಕ್ಕನ್ನರಲ್ಲಿ ಹಲವರು ತಮ್ಮನ್ನು ತಾವೇ 'ವಿಚ್' ಅಂತ ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ಭಾರತದಲ್ಲೂ ಕೋಲ್ಕತ್ತಾದ ಇಪ್ಸಿತಾ ರಾಯ್ ಚಕ್ರವರ್ತಿ 1980ರ ದಶಕದಲ್ಲೇ ತಾನು ವಿಕ್ಕನ್ ಅಂತ ಬಹಿರಂಗವಾಗಿ ಹೇಳಿಕೊಂಡರು. ಹೀಗಾಗಿ ಎರಡೂ ಕಡೆ 'ಮಾಟಗಾತಿ' ಅಂತ ಬರೆದರೆ, ಒಂದು ಕಡೆ ಬಲಿಯಾದವಳೂ ಇನ್ನೊಂದು ಕಡೆ ಭಕ್ತಳೂ ಒಂದೇ ಗೂಡಿಗೆ ಬೀಳುತ್ತಾರೆ. ಅದಕ್ಕೇ ಇಲ್ಲಿ ಸುಮ್ನೆ ವಿಕ್ಕನ್ ಅಂತಲೇ ಬರೆಯುತ್ತಿದ್ದೇನೆ.

ಒಂದು ಪದ ಎಷ್ಟು ಕೆಡಿಸಬಲ್ಲದು ಅನ್ನುವುದು ನಮಗೆ ಹೊಸದೇನೂ ಅಲ್ಲ. ತುಳುನಾಡಿನ ಭೂತಾರಾಧನೆಯನ್ನೇ ನೋಡಿ. ಪಂಚುರ್ಲಿ, ಜುಮಾದಿ, ಕೋಟಿ ಚೆನ್ನಯ, ಊರಿನ ನ್ಯಾಯ ಹೇಳುವ ದೈವಗಳು. ಆ ಸೀಮೆಯಲ್ಲಿ ಜಿಲ್ಲಾ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ಪಾಡ್ದನಗಳನ್ನು, ಅಂದರೆ ಈ ದೈವಗಳ ಕಥೆ ಹೇಳುವ ತುಳು ಹಾಡುಗಳನ್ನು, ಕೂಡಿಸಿಟ್ಟಿದ್ದ. ಅವನು ಸತ್ತ ಮೇಲೆ 1890ರ ದಶಕದಲ್ಲಿ ಅವು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚಾದವು. ಕೊಟ್ಟ ಶೀರ್ಷಿಕೆ ಏನು ಗೊತ್ತಾ? 'ದಿ ಡೆವಿಲ್ ವರ್ಷಿಪ್ ಆಫ್ ದಿ ತುಳುವಾಸ್'. ತುಳುವರ ಸೈತಾನ ಪೂಜೆ! ಒಳಗೆ ಇರುವುದು ಬಹಳ ಬೆಲೆಬಾಳುವ ಸಂಗ್ರಹ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಂಡನ್ನಿನಲ್ಲಿ ಕೂತು ಬರೀ ಶೀರ್ಷಿಕೆ ಓದಿದವನಿಗೆ ಮಂಗಳೂರಿನವರ ಬಗ್ಗೆ ಏನು ಅನಿಸಿರಬೇಕು? ಪಂಚಭೂತದಲ್ಲೂ ಭೂತ, ಭೂತಕೋಲದಲ್ಲೂ ಭೂತ, ಭೂತಕಾಲದಲ್ಲೂ ಭೂತ ಅಂತ ಅವನಿಗೆ ವಿವರಿಸುವವರು ಯಾರು?

ಈಗ ಅಮೆರಿಕಕ್ಕೆ ಮರಳೋಣ.

ಅಲ್ಲಿ ಕಾನೂನಿನ ಪ್ರಕಾರ ವಿಕ್ಕಾ ಧರ್ಮವೋ ಅಲ್ಲವೋ ಅನ್ನುವ ಪ್ರಶ್ನೆ 1986ರಲ್ಲೇ ಮುಗಿದಿತ್ತು. ವರ್ಜೀನಿಯಾದ ಜೈಲಿನಲ್ಲಿದ್ದ ಒಬ್ಬ ಕೈದಿ ತನ್ನ ಪೂಜೆಗೆ ಮೇಣದಬತ್ತಿ, ನಿಲುವಂಗಿ ಮುಂತಾದವು ಬೇಕು ಅಂತ ಕೋರ್ಟಿಗೆ ಹೋಗಿದ್ದ. ಫೆಡರಲ್ ಮೇಲ್ಮನವಿ ನ್ಯಾಯಾಲಯ ವಿಕ್ಕಾ ಧರ್ಮವೇ ಹೌದು ಅಂತ ಹೇಳಿತು. ಜೈಲಿನ ಭದ್ರತೆಯ ಕಾರಣ ಕೊಟ್ಟು ಸಾಮಾನು ಮಾತ್ರ ಕೊಡಿಸಲಿಲ್ಲ. ಪಾಪ, ಧರ್ಮ ಗೆದ್ದಿತು, ಕೈದಿ ಸೋತ. ಸೈನ್ಯವಂತೂ ಅದಕ್ಕೂ ಮೊದಲೇ, 1978ರಲ್ಲಿ, ತನ್ನ ಧರ್ಮಗುರುಗಳ ಕೈಪಿಡಿಯಲ್ಲಿ ವಿಕ್ಕಾವನ್ನು ಸೇರಿಸಿತ್ತು.

ತೊಂದರೆ ಶುರುವಾಗಿದ್ದು ಒಂದು ಫೋಟೋದಿಂದ. ಟೆಕ್ಸಾಸಿನ ಫೋರ್ಟ್ ಹುಡ್ ಬಹು ದೊಡ್ಡ ಸೇನಾ ನೆಲೆ. ಅಲ್ಲಿನ ವಿಕ್ಕನ್ ಸೈನಿಕರಿಗೆ ಸೇರಿ ಪೂಜೆ ಮಾಡಲು ಸೈನ್ಯ ಅನುಮತಿ ಕೊಟ್ಟಿತ್ತು. ಹಗಲು ರಾತ್ರಿ ಸಮವಾಗುವ ವಸಂತದ ದಿನ, 1999ರಲ್ಲಿ, ಅವರು ಬೆಂಕಿಯ ಸುತ್ತ ಆಚರಿಸಿದ ಹಬ್ಬದ ಚಿತ್ರ ಪತ್ರಿಕೆಯಲ್ಲಿ ಬಂತು. ಜಾರ್ಜಿಯಾದ ಕಾಂಗ್ರೆಸ್ ಸದಸ್ಯ ಬಾಬ್ ಬಾರ್ ಸಿಡಿದೆದ್ದ. ನಾಳೆ ಟ್ಯಾಂಕುಗಳ ಜೊತೆ ಸೈತಾನನಿಗೆ ಬಲಿ ಕೊಡುವ ಪ್ರಾಣಿಗಳನ್ನೂ ಸಾಗಿಸಬೇಕಾ ಅಂತ ಕೇಳಿದ. ಕೆಲವು ಸಂಪ್ರದಾಯವಾದಿ ಕ್ರೈಸ್ತ ಸಂಘಟನೆಗಳು ಸೈನ್ಯಕ್ಕೆ ಸೇರುವುದನ್ನೇ ಬಹಿಷ್ಕರಿಸಿ ಅಂತ ಕರೆ ಕೊಟ್ಟವು. ಆಗ ಟೆಕ್ಸಾಸಿನ ಗವರ್ನರ್ ಆಗಿದ್ದವರು ಜಾರ್ಜ್ ಬುಷ್. ಟೀವಿಯವರು ಕೇಳಿದಾಗ, ಮಾಟವನ್ನು ತಾನು ಧರ್ಮ ಅಂದುಕೊಂಡಿಲ್ಲ, ಸೈನ್ಯ ಇನ್ನೊಮ್ಮೆ ಯೋಚಿಸಲಿ ಅಂದರು.

ಸೈನ್ಯ ಜಗ್ಗಲಿಲ್ಲ. ಸುಮ್ಮನೆ ತನ್ನ ನಿಯಮ ತೋರಿಸಿ ಕೆಲಸ ಮುಂದುವರಿಸಿತು. ಬಾರ್ ಹಾರಾಡಿದ, ಮರೆತ. ಹಾಗೆ ನೋಡಿದರೆ ಬಾಯಿ ಮಾಡಿದವರಿಂದ ವಿಕ್ಕನ್ನರಿಗೆ ಆದ ನಷ್ಟ ಕಡಿಮೆಯೇ. ಬುಷ್ ಆಡಿದ ಆ ಒಂದು ವಾಕ್ಯ ಮಾತ್ರ ಎಲ್ಲೋ ಹೋಗಿ ಕೂತಿತು. ಎಲ್ಲಿ ಅನ್ನುವುದು ಎಂಟು ವರ್ಷ ಆದ ಮೇಲೆ ಗೊತ್ತಾಯಿತು.

ಮಾಜಿ ಸೈನಿಕರ ಇಲಾಖೆ ಸೈನ್ಯದ ಭಾಗವಲ್ಲ. ಅದು ಬೇರೆಯೇ ಇಲಾಖೆ, ಬೇರೆಯೇ ನಿಯಮ. ಅದಕ್ಕೇ ಇಂಥ ವಿಚಿತ್ರ ಸ್ಥಿತಿ: ಬದುಕಿದ್ದಾಗ ಹುಣ್ಣಿಮೆ ಪೂಜೆಗೆ ಸೈನ್ಯವೇ ಜಾಗ ಕೊಡುತ್ತದೆ, ಸತ್ತ ಮೇಲೆ ಕಲ್ಲಿನ ಮೇಲೆ ನಾಲ್ಕು ಬೆರಳು ಜಾಗಕ್ಕೆ ಇನ್ನೊಂದು ಇಲಾಖೆ ಯೋಚಿಸುತ್ತದೆ. 2005ರ ಲೆಕ್ಕದಲ್ಲಿ ಸೇವೆಯಲ್ಲಿದ್ದ ಸುಮಾರು 1,800 ಸೈನಿಕರು ತಮ್ಮನ್ನು ವಿಕ್ಕನ್ ಅಂತ ಬರೆಸಿಕೊಂಡಿದ್ದರು.

ಇಲಾಖೆಯ ಅರ್ಜಿ ನಮೂನೆ ಏನು ಕೇಳುತ್ತಿತ್ತು ನೋಡಿ. ನಿಮ್ಮ ಧರ್ಮದ ಕೇಂದ್ರ ಕಚೇರಿ ಎಲ್ಲಿದೆ? ಧರ್ಮದ ಮುಖ್ಯಸ್ಥರು ಯಾರು? ಪ್ರಶ್ನೆ ನೋಡಲು ಸಾದಾ. ಕೇಳಿದ ಗುಮಾಸ್ತನ ಮನಸ್ಸಿನಲ್ಲಿ ಯಾವ ಕೆಟ್ಟ ಉದ್ದೇಶವೂ ಇರಬೇಕಾಗಿಲ್ಲ. ಆದರೆ ಧರ್ಮ ಅಂದರೆ ಮೇಲೊಬ್ಬ ಬಿಷಪ್, ಕೆಳಗೆ ಪಾದ್ರಿಗಳು, ಒಂದು ಲೆಟರ್‌ಹೆಡ್ ಅಂತ ಆ ನಮೂನೆ ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಇದೇ ಹಾಳೆಯನ್ನು ನಮ್ಮೂರ ಮಾರಮ್ಮನ ಗುಡಿಯ ಪೂಜಾರಿಯ ಕೈಗೆ ಕೊಟ್ಟರೆ ಅವನು 'ಕೇಂದ್ರ ಕಚೇರಿ' ಅನ್ನುವ ಜಾಗದಲ್ಲಿ ಏನು ತುಂಬಬೇಕು? ಅಮ್ಮನ ಹೆಸರು?

ತಪ್ಪು ತಿಳಿವಳಿಕೆ ಅಂದ ಕೂಡಲೇ ನಾವು ಬಾಬ್ ಬಾರ್‌ನಂಥವರ ಮಾತು ನೆನೆಯುತ್ತೇವೆ. ನನಗನಿಸುವುದು, ಜಾಸ್ತಿ ಕಾಡುವುದು ಈ ಹಾಳೆಯೊಳಗೆ ಕೂತ ತಪ್ಪು ತಿಳಿವಳಿಕೆ. ಬಾಯಿ ಮಾತಿಗೆ ಎದುರು ಮಾತಾಡಬಹುದು. ನಮೂನೆಯ ಖಾಲಿ ಚೌಕಕ್ಕೆ ಏನು ಅಂತ ಎದುರಾಡುವುದು?

ವಿಸ್ಕಾನ್ಸಿನ್ ರಾಜ್ಯದ ಸರ್ಕಲ್ ಸ್ಯಾಂಕ್ಚುಯರಿ ಅನ್ನುವ ವಿಕ್ಕನ್ ಸಂಸ್ಥೆ, ಅದರ ಮುಖ್ಯಸ್ಥೆ ಸೆಲೀನಾ ಫಾಕ್ಸ್, ಬೇರೆ ಗುಂಪುಗಳು, ಇವರೆಲ್ಲ ಕೇಳಿದ ಕಾಗದ ಕೊಡುತ್ತಾ ಹೋದರು. ಕೊಟ್ಟಷ್ಟೂ ಇನ್ನಷ್ಟು ಕೇಳಿದರು. ಕೊನೆಗೆ ಕೇಂದ್ರ ಕಚೇರಿಯ ಷರತ್ತನ್ನು ಇಲಾಖೆ 2005ರಲ್ಲಿ ಕೈಬಿಟ್ಟಿತು. ಆದರೂ ಪೆಂಟಕಲ್ ಪಟ್ಟಿಗೆ ಬರಲಿಲ್ಲ. ಅದೇ ವರ್ಷಗಳಲ್ಲಿ ಬೇರೆ ಹಲವು ಚಿಹ್ನೆಗಳಿಗೆ ಒಪ್ಪಿಗೆ ಸಿಕ್ಕಿತ್ತು. ಷರತ್ತು ಹೋದರೂ ಕೆಲಸ ಆಗದಿದ್ದರೆ, ಷರತ್ತು ಬರೀ ನೆಪವಾಗಿತ್ತು ಅಂತ ಯಾರಿಗಾದರೂ ಅನಿಸುತ್ತದೆ.

ಹೆಲಿಕಾಪ್ಟರ್ ಬಿದ್ದದ್ದು ಈ ಹಂತದಲ್ಲಿ.

ರಾಬರ್ಟಾ ಸ್ಟೀವರ್ಟ್ ಬಂದ ಮೇಲೆ ಪ್ರಕರಣದ ಮುಖವೇ ಬದಲಾಯಿತು. ಅಲ್ಲಿಯವರೆಗೆ ಅದು ಅರ್ಜಿ, ಟಿಪ್ಪಣಿ, ಪತ್ರ. ಈಗ ಒಬ್ಬ ಹೆಂಗಸು, ಒಂದು ಗೋಡೆ, ಗೋಡೆಯಲ್ಲಿ ಒಂದು ಖಾಲಿ ಜಾಗ. ಚಿಹ್ನೆ ಬೇಡ, ಹೆಸರಷ್ಟೇ ಸಾಕು ಅಂದಿದ್ದರೆ ಫಲಕ ಯಾವತ್ತೋ ಬರುತ್ತಿತ್ತು. ಆಕೆ ಒಪ್ಪಲಿಲ್ಲ. 2006ರ ಮೇ ಕೊನೆಯ ಸೋಮವಾರ, ದೇಶವೆಲ್ಲ ಸತ್ತ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ದಿನ, ಆಕೆ ಫರ್ನ್ಲಿಯಲ್ಲಿ ಗಂಡನಿಗಾಗಿ ಬೇರೆಯೇ ಸ್ಮರಣೆ ಏರ್ಪಡಿಸಿದರು.

ಟೀವಿಯವರು ಬಂದರು, ಪತ್ರಿಕೆಯವರು ಬಂದರು. ಓದಿದವರಲ್ಲಿ ಹೆಚ್ಚಿನವರಿಗೆ ವಿಕ್ಕಾ ಏನು ಅಂತ ಆಗಲೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ದೇಶಕ್ಕಾಗಿ ಸತ್ತವನ ಹೆಂಡತಿ ಕೇಳುತ್ತಿದ್ದಾಳೆ, ಕೊಡಿ ಅನ್ನುವುದು ಎಲ್ಲರಿಗೂ ಅರ್ಥವಾಗುವ ಮಾತು. ಇದರಲ್ಲಿ ಒಂದು ಕಹಿ ಕೂಡ ಇದೆ. ಸೈನಿಕ ಆಗಿದ್ದಕ್ಕೆ ಅವನ ಧರ್ಮಕ್ಕೆ ಮರ್ಯಾದೆ ಸಿಕ್ಕಿತು. ಕೇಶಾಲಂಕಾರ ಮಾಡುವವಳೋ ಮೆಕ್ಯಾನಿಕ್ಕೋ ಆಗಿದ್ದ ವಿಕ್ಕನ್ ಕೇಳಿದ್ದರೆ ಇಷ್ಟು ಜನ ತಿರುಗಿ ನೋಡುತ್ತಿರಲಿಲ್ಲ.

ಮೊದಲು ದಾರಿ ಬಿಟ್ಟಿದ್ದು ನೆವಾಡಾ ರಾಜ್ಯ. ಫರ್ನ್ಲಿಯ ಸ್ಮಶಾನ ರಾಜ್ಯದ ಸ್ವತ್ತು. ಗೋಡೆ ನಮ್ಮದು, ಫಲಕ ನಾವೇ ಹಾಕಿದರೆ ಕೇಂದ್ರದ ಅಪ್ಪಣೆ ಯಾಕೆ ಬೇಕು ಅಂತ ರಾಜ್ಯದ ವಕೀಲರು ಹೇಳಿದರು. ಗವರ್ನರ್ ಕೆನ್ನಿ ಗಿನ್ ರಿಪಬ್ಲಿಕನ್ ಪಕ್ಷದವರು, ಬುಷ್ ಪಕ್ಷದವರೇ. ಆದರೂ 2006ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಬಂತು. ಡಿಸೆಂಬರಿನಲ್ಲಿ ಪೆಂಟಕಲ್ ಇರುವ ಫಲಕ ಗೋಡೆಗೆ ಏರಿತು. ಖಾಲಿ ಜಾಗ ತುಂಬಿತು.

ರಾಬರ್ಟಾ ಅಲ್ಲಿಗೇ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಯಾಕೆಂದರೆ ಕೇಂದ್ರದ ಪಟ್ಟಿ ಹಾಗೇ ಇತ್ತು. ಅರ್ಲಿಂಗ್ಟನ್‌ನಂಥ ರಾಷ್ಟ್ರೀಯ ಸ್ಮಶಾನಗಳಲ್ಲಿ ಇಲಾಖೆ ಕೊಡುವ ಬಿಳಿ ಅಮೃತಶಿಲೆಯ ಕಲ್ಲುಗಳಿವೆಯಲ್ಲ, ಸಿನಿಮಾದಲ್ಲಿ ನೋಡಿರುತ್ತೀರಿ, ಸಾಲು ಸಾಲಾಗಿ ಒಂದೇ ಅಳತೆಯವು. ಎಲ್ಲವೂ 42 ಇಂಚು ಉದ್ದ, 13 ಇಂಚು ಅಗಲ, 4 ಇಂಚು ದಪ್ಪ. ಜನರಲ್ ಆದರೂ ಸಿಪಾಯಿಯಾದರೂ ಅದೇ ಕಲ್ಲು. ಒಂದರಿಂದ ಒಂದಕ್ಕೆ ಬೇರೆಯಾಗುವುದು ಕೆತ್ತಿದ ಅಕ್ಷರ, ಮತ್ತೆ ಮೇಲಿನ ಆ ಪುಟ್ಟ ಚಿಹ್ನೆ. ಅಷ್ಟು ಸಮಾನತೆಯ ನಡುವೆ ಅಲ್ಲೊಂದು ಕಲ್ಲಿನ ಮೇಲೆ ಮಾತ್ರ ಚಿಹ್ನೆಯ ಜಾಗ ಬೋಳಾಗಿದ್ದರೆ ಅದು ಎದ್ದು ಕಾಣುತ್ತದೆ.

2006ರ ನವೆಂಬರಿನಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದ ಫೆಡರಲ್ ಕೋರ್ಟಿನಲ್ಲಿ ದಾವೆ ಬಿತ್ತು. ದಾವೆದಾರರಲ್ಲಿ ಸರ್ಕಲ್ ಸ್ಯಾಂಕ್ಚುಯರಿ, ರಾಬರ್ಟಾ, ಕೊರಿಯಾ ಯುದ್ಧದಲ್ಲಿದ್ದ ಇನ್ನೊಬ್ಬ ವಿಕ್ಕನ್ ಸೈನಿಕನ ಹೆಂಡತಿ ಮುಂತಾದವರಿದ್ದರು. ವಾದಿಸಿದ್ದು ಧರ್ಮವನ್ನು ಸರ್ಕಾರದಿಂದ ದೂರ ಇಡಬೇಕು ಅಂತ ಹೋರಾಡುವ ಅಮೆರಿಕನ್ಸ್ ಯುನೈಟೆಡ್ ಅನ್ನುವ ಸಂಸ್ಥೆ. ಅದರ ಆಗಿನ ಮುಖ್ಯಸ್ಥ ಬ್ಯಾರಿ ಲಿನ್ ಸ್ವತಃ ದೀಕ್ಷೆ ಪಡೆದ ಕ್ರೈಸ್ತ ಪಾದ್ರಿ. ಅಂದರೆ ಇದನ್ನು ಕ್ರೈಸ್ತರು ಒಂದು ಕಡೆ, ವಿಕ್ಕನ್ನರು ಇನ್ನೊಂದು ಕಡೆ ಅಂತ ಹಂಚಿ ನೋಡಿದರೆ ತಪ್ಪಾಗುತ್ತದೆ.

ದಾವೆ ಬಿದ್ದಾಗ ಒಂದು ಅನುಕೂಲ ಇದೆ. ಇಲಾಖೆ ತನ್ನ ಒಳಗಿನ ಕಾಗದ ತೋರಿಸಬೇಕಾಗುತ್ತದೆ. ಆ ಕಾಗದಗಳನ್ನು ನೋಡಿದ ಮೇಲೆ ಬ್ಯಾರಿ ಲಿನ್ ಹೇಳಿದ ಮಾತು ಇದು: ಇಲಾಖೆಯ ಇಮೇಲುಗಳಲ್ಲಿ, ಟಿಪ್ಪಣಿಗಳಲ್ಲಿ ಬುಷ್ 1999ರಲ್ಲಿ ಆಡಿದ ಮಾತಿನ ಪ್ರಸ್ತಾಪ ಇದೆ. ಬುಷ್ ಅಧ್ಯಕ್ಷರಾಗಿ ಹೀಗೆ ಮಾಡಿ ಅಂತ ಆದೇಶ ಕೊಟ್ಟರು ಅಂತ ಲಿನ್ ಹೇಳಲಿಲ್ಲ. ಅದರ ಅಗತ್ಯವೇ ಇರಲಿಲ್ಲ ಅನ್ನುವುದೇ ಇಲ್ಲಿನ ಸ್ವಾರಸ್ಯ. ಗವರ್ನರ್ ಆಗಿದ್ದಾಗ ಯಾವುದೋ ಟೀವಿಯಲ್ಲಿ ತಿಳಿಯದೆ ಆಡಿದ ಒಂದು ಮಾತು. ಆಡಿದವನು ದೇಶದ ಅಧ್ಯಕ್ಷನಾದ. ಕೆಳಗಿನವರು ದೊಡ್ಡವರ ಮನಸ್ಸು ತಾವೇ ಓದಿಕೊಂಡರು, ಕಡತ ಮುಂದೆ ಸರಿಯಲಿಲ್ಲ. ಇದು ಯಾವ ದೇಶದ ಕಚೇರಿಯಲ್ಲಿ ಆಗಲ್ಲ ಹೇಳಿ!

ವಿಚಾರಣೆ ಪೂರ್ತಿಯಾಗುವ ಮೊದಲೇ, 2007ರ ಏಪ್ರಿಲ್ 23ರಂದು, ಇಲಾಖೆ ರಾಜಿಗೆ ಬಂತು. 14 ದಿನದೊಳಗೆ ಪೆಂಟಕಲ್ ಪಟ್ಟಿಗೆ ಸೇರಿಸಲು ಒಪ್ಪಿತು. ವಕೀಲರ ಖರ್ಚಿಗೆ 2,25,000 ಡಾಲರ್ ಕೊಟ್ಟಿತು. ಹತ್ತು ವರ್ಷ ಆಗದ ಕೆಲಸ ಹದಿನಾಲ್ಕು ದಿನದಲ್ಲಿ ಆಗುವಂಥದ್ದು ಅಂತ ಇಲಾಖೆಯೇ ಬರೆದುಕೊಟ್ಟ ಹಾಗಾಯಿತು. ಆದರೆ ರಾಜಿಯಾದ್ದರಿಂದ ಇಲಾಖೆ ತಪ್ಪು ಮಾಡಿತು ಅಂತ ಯಾವ ನ್ಯಾಯಾಧೀಶನೂ ತೀರ್ಪು ಬರೆಯಲಿಲ್ಲ. ನನಗೆ ಇದೊಂದು ಕೊರತೆ ಅಂತಲೇ ಅನಿಸುತ್ತದೆ. ಆದರೆ ಕಲ್ಲಿಗಾಗಿ ಕಾದು ಕೂತಿದ್ದ ಮನೆಯವರಿಗೆ ಇನ್ನೆರಡು ವರ್ಷ ಕಾಯಿರಿ, ಒಳ್ಳೇ ತೀರ್ಪು ಬರುತ್ತದೆ ಅಂತ ಹೇಳುವುದು ಯಾರು?

ಆ ವರ್ಷ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಅರ್ಲಿಂಗ್ಟನ್‌ನಲ್ಲಿ ಪೆಂಟಕಲ್ ಕೆತ್ತಿದ ಕಲ್ಲುಗಳ ಬಳಿ ವಿಕ್ಕನ್ನರು ಸೇರಿ ತಮ್ಮ ವಿಧಿ ನಡೆಸಿದರು.

ಅದಾಗಿ ಎಂಟು ದಿನಕ್ಕೆ ಇನ್ನೊಂದು ಘಟನೆ. ಇದಕ್ಕೆ ನೇರ ಸಂಬಂಧ ಇಲ್ಲ, ಆದರೆ ಅದೇ ನೆವಾಡಾದ್ದು, ಹೇಳದೆ ಮುಂದೆ ಹೋಗಲಾರೆ. 2007ರ ಜುಲೈ 12ರಂದು ರಾಜನ್ ಝೆಡ್ ಅನ್ನುವ ರೀನೋದ ಹಿಂದೂ ಪುರೋಹಿತರು ಅಮೆರಿಕದ ಸೆನೆಟ್‌ನಲ್ಲಿ ಆ ದಿನದ ಪ್ರಾರ್ಥನೆ ಹೇಳಲು ನಿಂತರು. ಸೆನೆಟ್‌ನ ಇತಿಹಾಸದಲ್ಲೇ ಮೊದಲ ಹಿಂದೂ ಪ್ರಾರ್ಥನೆ. ಬಾಯಿ ತೆರೆಯುವಷ್ಟರಲ್ಲಿ ಮೇಲಿನ ಗ್ಯಾಲರಿಯಿಂದ ಮೂವರು ಕೂಗಾಡಲು ಶುರು ಮಾಡಿದರು. ಇದು ವಿಗ್ರಹಪೂಜೆ, ದೇವರೇ ಕ್ಷಮಿಸು ಅನ್ನುವ ಧಾಟಿ. ಪೊಲೀಸರು ಅವರನ್ನು ಹಿಡಿದು ಹೊರಗೆ ಹಾಕಿದರು. ಝೆಡ್ ಗಾಯತ್ರಿ ಮಂತ್ರ ಹೇಳಿ ಮುಗಿಸಿದರು. ಅಲ್ಲಿ ಎಲ್ಲೋ ಟೀವಿ ಮುಂದೆ ಕೂತಿದ್ದ ಕನ್ನಡದವರಿಗೆ ಅವತ್ತು ಮೈ ಉರಿದಿರಬೇಕು. ವಿಕ್ಕನ್ನರ ಸುದ್ದಿ ಬಂದಾಗ ಅದೇ ಜನ ನಕ್ಕು ಚಾನೆಲ್ ಬದಲಾಯಿಸಿದ್ದರೂ ಇರಬಹುದು.

ಆಗಸ್ಟ್ 28ರಂದು ಬುಷ್ ಭಾಷಣಕ್ಕೆ ರೀನೋಗೆ ಬಂದರು. ಸತ್ತ ಸೈನಿಕರ ಮನೆಯವರನ್ನು ಪ್ರತ್ಯೇಕವಾಗಿ ಭೇಟಿ ಮಾಡಿದರು. ಪ್ಯಾಟ್ರಿಕ್‌ನ ಕಡೆಯ ಬೇರೆಯವರಿಗೆ ಕರೆ ಹೋಗಿತ್ತು, ಹೆಂಡತಿಗೆ ಹೋಗಿರಲಿಲ್ಲ. ಇದು ಸುದ್ದಿಯಾಯಿತು. ಕೆಲವು ದಿನಗಳಾದ ಮೇಲೆ ರಾಬರ್ಟಾ ಮನೆಗೆ ಫೋನ್ ಬಂತು. ಮಾತಾಡಿದ್ದು ಅಧ್ಯಕ್ಷರೇ. ಕರೆಯದೇ ಹೋದದ್ದಕ್ಕೆ ಕ್ಷಮೆ ಕೇಳಿದರು.

ಪಟ್ಟಿ ಆಮೇಲೆ ಬೆಳೆಯುತ್ತಾ ಹೋಗಿದೆ. 2013ರಲ್ಲಿ ಉತ್ತರ ಯುರೋಪಿನ ಹಳೇ ದೇವರುಗಳನ್ನು ಪೂಜಿಸುವವರ ಥೋರನ ಸುತ್ತಿಗೆಯೂ ಸೇರಿತು. ಪ್ರತಿ ಚಿಹ್ನೆಗೂ ಒಂದು ಸಂಖ್ಯೆ. ಕಲ್ಲಿಗೆ ಅರ್ಜಿ ಹಾಕುವವರು ಆ ಸಂಖ್ಯೆ ಬರೆದರೆ ಸಾಕು. ನಾಸ್ತಿಕರದು 16. ಹಿಂದೂಗಳದು 18. ಸಿಖ್ಖರ ಖಂಡಾ 36. ಅದರ ಪಕ್ಕದಲ್ಲೇ 37, ಪೆಂಟಕಲ್.